ತಲಪಾಡಿಯ ಆಚೆ ಈಚೆ: ಸ್ಕಾಲರ್‌ಶಿಪ್ ಯಾವ ರಾಜ್ಯದ್ದು?

ಮನೆ ಕೇರಳದ ಕಾಸರಗೋಡು ಜಿಲ್ಲೆಯ ಪೈವಳಿಕೆಯಲ್ಲಿ, ಪಿಯುಸಿ ತಲಪಾಡಿ ಗಡಿ ದಾಟಿ ಮಂಗಳೂರಿನಲ್ಲಿ, ಈಗ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಎಂ.ಎಸ್ಸಿ. ಇಂಥ ವಿದ್ಯಾರ್ಥಿ ಅರ್ಜಿ ಹಾಕಬೇಕಾದ್ದು ಕೇರಳಕ್ಕೋ ಕರ್ನಾಟಕಕ್ಕೋ? ಯೋಜನೆ ಯಾವುದು ಎಂದು ಗೊತ್ತಾಗದೆ ಇದಕ್ಕೆ ಉತ್ತರ ಹೇಳಲಾಗದು. ಒಂದು ಯೋಜನೆ ಮನೆಯ ವಿಳಾಸ ನೋಡುತ್ತದೆ, ಇನ್ನೊಂದು ಪಿಯುಸಿ ಬೋರ್ಡನ್ನು.

ಪರಿಶಿಷ್ಟ ಜಾತಿಯವರ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ ಮನೆಯ ವಿಳಾಸ ನೋಡುವ ಬಗೆಯದು. ಓದುವುದು ಎಲ್ಲೇ ಇರಲಿ, ಕೊಡಬೇಕಾದ್ದು ಖಾಯಂ ವಾಸದ ರಾಜ್ಯ. ಎಂದರೆ ಪೈವಳಿಕೆಯ ವಿದ್ಯಾರ್ಥಿಗೆ ಕೇರಳದ ಸ್ಕಾಲರ್‌ಶಿಪ್ ಜಾಲತಾಣವಾದ ಇ-ಗ್ರಾಂಟ್ಸ್. ಕರ್ನಾಟಕದ ಸ್ಕಾಲರ್‌ಶಿಪ್ ಜಾಲತಾಣವಾದ ಎಸ್‌ಎಸ್‌ಪಿ ಅಲ್ಲ. ಸಹಪಾಠಿಗಳೆಲ್ಲ ಎಸ್‌ಎಸ್‌ಪಿ ತುಂಬುತ್ತಿರುತ್ತಾರೆ, ಕಾಲೇಜಿನ ಕ್ಲರ್ಕಿಗೂ ಗೊತ್ತಿರುವುದು ಅದೊಂದೇ. ಅವರ ಮಾತು ಕೇಳಿ ಎಸ್‌ಎಸ್‌ಪಿಗೆ ಕೂತರೆ ಆದಾಯ ಪ್ರಮಾಣಪತ್ರದ ಹಂತದಲ್ಲೇ ಸಿಕ್ಕಿಬೀಳುತ್ತೀರಿ, ಏಕೆಂದರೆ ಅದು ಕೇಳುವುದು ಕರ್ನಾಟಕದ ಕಂದಾಯ ಇಲಾಖೆ ಪ್ರಮಾಣಪತ್ರದ ಮೇಲೆ ಹಾಕುವ ಆರ್‌ಡಿ ನಂಬರನ್ನು. ನಮ್ಮ ವಿಲೇಜ್ ಆಫೀಸಿನ ಕಾಗದದಲ್ಲಿ ಅದೆಲ್ಲಿಂದ ಬರಬೇಕು? ಅಷ್ಟರಲ್ಲಿ ಕೇರಳದ ಕೊನೆಯ ದಿನಾಂಕ ದಾಟಿರುತ್ತದೆ. ಗಡಿಯಾಚೆ ಸೇರುವ ಮೊದಲೇ ಬ್ಲಾಕ್ ಮಟ್ಟದ ಪರಿಶಿಷ್ಟ ಜಾತಿ ಅಭಿವೃದ್ಧಿ ಕಚೇರಿಗೆ ಹೋಗಿ, ಆ ಸಂಸ್ಥೆಗೂ ಕೋರ್ಸಿಗೂ ಹೊರರಾಜ್ಯದ ಅರ್ಜಿ ಹೇಗೆ ಹಾಕುವುದೆಂದು ವಿಚಾರಿಸಿಕೊಳ್ಳಿ. ಪರಿಶಿಷ್ಟ ಪಂಗಡದವರು, ಅಂದರೆ ಕೊರಗರು, ಮರಾಟಿಗಳು, ಟ್ರೈಬಲ್ ಎಕ್ಸ್‌ಟೆನ್ಶನ್ ಆಫೀಸಿನಲ್ಲಿ ಕೇಳಬೇಕು.

ಈ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ಪಿಗೆ ಕೇಂದ್ರ ಸರಕಾರದ ಆದಾಯ ಮಿತಿ ವರ್ಷಕ್ಕೆ 2.5 ಲಕ್ಷ. ಮಿತಿ ಮೀರಿದ ಪರಿಶಿಷ್ಟ ಜಾತಿ ವಿದ್ಯಾರ್ಥಿಗಳಿಗೆ ಕೇರಳ ತನ್ನ ಖಜಾನೆಯಿಂದಲೇ ಕೊಡುತ್ತದೆ. ಇದು ತಿಳಿಯದೆ ಅರ್ಜಿಯನ್ನೇ ಹಾಕದವರಿದ್ದಾರೆ. ಕೇಂದ್ರದ ದರದಲ್ಲಿ ಶುಲ್ಕ ಬಿಟ್ಟು ಸಿಗುವ ಭತ್ಯೆ ಬಿ.ಎ., ಬಿ.ಕಾಂ.ನಂಥ ಕೋರ್ಸಿಗೆ ಹಾಸ್ಟೆಲಿನವರಿಗೆ ವರ್ಷಕ್ಕೆ 6,000, ಮನೆಯಿಂದ ಹೋಗುವವರಿಗೆ 3,000 ರೂಪಾಯಿ. ಎಂಜಿನಿಯರಿಂಗ್, ಮೆಡಿಕಲ್‌ನಂಥವಕ್ಕೆ 13,500 ಮತ್ತು 7,000. ಖರ್ಚು ಹಂಚಿಕೆ ಕೇಂದ್ರ 60, ರಾಜ್ಯ 40. ರಾಜ್ಯದ ಪಾಲು ಬಿಡುಗಡೆಯಾದ ಮೇಲೆಯೇ ಕೇಂದ್ರದ ಪಾಲು ವಿದ್ಯಾರ್ಥಿಯ ಖಾತೆಗೆ ಬರುವುದು. ಹಾಗಾಗಿ ಹಣ ಎರಡು ಕಂತಾಗಿ, ತಿಂಗಳುಗಳ ಅಂತರದಲ್ಲಿ ಬಂದರೆ ಗಾಬರಿ ಬೇಡ. ಬಂದದ್ದರಲ್ಲಿ ಕಾಲೇಜಿನ ಶುಲ್ಕವೂ ಸೇರಿದೆಯೋ ಎಂದು ನೋಡಿ ಮತ್ತೆ ಖರ್ಚು ಮಾಡಿ.

ಜಾತಿ ಪಟ್ಟಿಯೂ ರಾಜ್ಯಕ್ಕೊಂದು. ಬಿಲ್ಲವರು ಕರ್ನಾಟಕದಲ್ಲಿ ಹಿಂದುಳಿದ ವರ್ಗಗಳ 2ಎ, ಕೇರಳದ ಹಿಂದುಳಿದವರ ಪಟ್ಟಿಯಲ್ಲಿ ಈಳವ-ತೀಯರ ಜತೆಗೇ ಬರುತ್ತಾರೆ. ಸುಳ್ಯದ ಮಾವನ ಮಗಳ ಅರ್ಜಿ ನೋಡಿಕೊಂಡು ನಮ್ಮದನ್ನು ತುಂಬಿದರೆ ಕೆಟ್ಟಿತು.

ಬೋರ್ಡ್ ನೋಡುವುದು ಕೇಂದ್ರದ ಸೆಂಟ್ರಲ್ ಸೆಕ್ಟರ್ ಸ್ಕಾಲರ್‌ಶಿಪ್. ಜಾತಿ ಕೇಳುವುದಿಲ್ಲ ಎಂದು ಎಷ್ಟೋ ಮಂದಿ ಇದನ್ನು ಗಮನಿಸುವುದೇ ಇಲ್ಲ. ಹನ್ನೆರಡನೆಯ ತರಗತಿಯಲ್ಲಿ ಆಯಾ ಬೋರ್ಡಿನ, ಆಯಾ ವಿಭಾಗದ ಮೇಲಿನ ಶೇ. 20 ಮಂದಿಯಲ್ಲಿರಬೇಕು, ಕುಟುಂಬದ ಆದಾಯ 4.5 ಲಕ್ಷದೊಳಗಿರಬೇಕು. ಡಿಗ್ರಿಗೆ ವರ್ಷಕ್ಕೆ 12,000, ಸ್ನಾತಕೋತ್ತರಕ್ಕೆ 20,000 ರೂಪಾಯಿ. ಮಂಗಳೂರಿನಲ್ಲಿ ಪಿಯುಸಿ ಮುಗಿಸಿ ಕಾಸರಗೋಡಿನ ವಿದ್ಯಾನಗರದ ಸರಕಾರಿ ಕಾಲೇಜಿಗೆ ಸೇರಿದವರನ್ನು ಅಳೆಯುವುದು ಕರ್ನಾಟಕ ಬೋರ್ಡಿನ ಕಟ್ ಆಫ್‌ನಿಂದ, ಕೇರಳ ಪ್ಲಸ್ ಟುವಿನದರಿಂದ ಅಲ್ಲ. ನವೀಕರಣಕ್ಕೆ ಶೇ. 50 ಅಂಕ, ಶೇ. 75 ಹಾಜರಿ ಬೇಕು. ಬೇರೆ ಸರಕಾರಿ ಸ್ಕಾಲರ್‌ಶಿಪ್ ಅಥವಾ ಶುಲ್ಕ ಮರುಪಾವತಿ ಪಡೆಯುವವರಿಗೆ ಇದಿಲ್ಲ, ಆದ್ದರಿಂದ ಯಾವುದು ಲಾಭ ಎಂದು ಮೊದಲೇ ಲೆಕ್ಕ ಹಾಕಿ.

ಅರ್ಜಿ ಮಂಜೂರಾದ ಮೇಲೂ ಹಣ ಬಾರದಿದ್ದರೆ ಮೊದಲು ಬ್ಯಾಂಕನ್ನು ಅನುಮಾನಿಸಿ. ಆಧಾರ್ ಮೂಲಕ ಬರುವ ಹಣ ಹೋಗುವುದು ಅರ್ಜಿಯಲ್ಲಿ ಬರೆದ ಖಾತೆಗೇ ಎಂದಿಲ್ಲ. ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಸಂಸ್ಥೆಯ ದಾಖಲೆಯಲ್ಲಿ ಆಧಾರ್‌ಗೆ ಕೊನೆಗೆ ಜೋಡಣೆಯಾದ ಖಾತೆಗೆ. ಕೇರಳ ಗ್ರಾಮೀಣ ಬ್ಯಾಂಕಿನ ಪಾಸ್‌ಬುಕ್ ಹಿಡಿದು ಕಾಯುತ್ತಿರುವಾಗ, ಮಂಗಳೂರಿನ ಹಾಸ್ಟೆಲ್ ಪಕ್ಕದ ಶಾಖೆಯಲ್ಲಿ ತೆರೆದು ಮರೆತ ಖಾತೆಗೆ ಹಣ ಬಿದ್ದಿರುತ್ತದೆ. ಮೈ ಆಧಾರ್ ಜಾಲತಾಣದಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಒತ್ತಿದರೆ ಬ್ಯಾಂಕಿನ ಹೆಸರು ಕಾಣಿಸುತ್ತದೆ. ‘ಆಧಾರ್ ಲಿಂಕ್ ಆಗಿದೆ’ ಎಂದು ಕೌಂಟರಿನಲ್ಲಿ ಹೇಳಿದರೆ ಸಾಲದು. ಕೆವೈಸಿಗೆ, ಅಂದರೆ ಗುರುತಿನ ದಾಖಲೆಯಾಗಿ, ಕೊಟ್ಟ ಆಧಾರ್ ಬೇರೆ, ಹಣ ಬರುವುದಕ್ಕೆ ಮಾಡುವ ಜೋಡಣೆ, ಅಂದರೆ ಸೀಡಿಂಗ್, ಬೇರೆ. ಶಾಲೆಯಲ್ಲಿದ್ದಾಗ ತೆರೆದ ಮೈನರ್ ಖಾತೆ 18 ತುಂಬಿದ ಮೇಲೆ ಹೊಸ ಸಹಿ, ಹೊಸ ಕೆವೈಸಿ ಕೇಳುತ್ತದೆ. ಎರಡು ವರ್ಷ ವ್ಯವಹಾರವೇ ಇಲ್ಲದ ಖಾತೆಯನ್ನೂ ಮತ್ತೆ ಚಾಲೂ ಮಾಡಿಸಬೇಕು.

ಇನ್ನು ಹೆಸರು. ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ‘ಶಿವಪ್ರಸಾದ ಕೆ.’, ಆಧಾರ್‌ನಲ್ಲಿ ‘ಕೆ. ಶಿವ ಪ್ರಸಾದ್’, ಮಲಯಾಳದಿಂದ ಇಂಗ್ಲಿಷಿಗಿಳಿದ ಆದಾಯ ಪ್ರಮಾಣಪತ್ರದಲ್ಲಿ ಮೂರನೆಯದೊಂದು. ಎಸ್ಸೆಸ್ಸೆಲ್ಸಿಯನ್ನೇ ಮೂಲವಾಗಿಟ್ಟುಕೊಂಡು ಆಧಾರ್ ತಿದ್ದಿಸಿ, ಆಮೇಲೆ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವಾಗ ಅಕ್ಷರ ಅಕ್ಷರ ಓದಿ ಹೇಳಿ.

ಅಲ್ಲಿ ಇನ್ನೊಂದು ಎಚ್ಚರ: ಸೆಂಟ್ರಲ್ ಸೆಕ್ಟರ್ ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕುವ ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ನ ಓಟಿಆರ್ ನಂಬರು, ಅಂದರೆ ನೋಂದಣಿ ನಂಬರು, 14 ಅಂಕೆಯದು, ಒಬ್ಬರಿಗೆ ಒಮ್ಮೆ ಮಾತ್ರ. ಅವಸರದಲ್ಲಿ ಅಕ್ಷಯ ಕೇಂದ್ರದವರ ಮೊಬೈಲ್ ನಂಬರು ಹಾಕಿಸಬೇಡಿ. ಕಾಲೇಜು ಅರ್ಜಿಯನ್ನು ‘ಡಿಫೆಕ್ಟಿವ್’ ಎಂದು ಹಿಂದಕ್ಕೆ ಕಳಿಸಿದರೆ ಕೊನೆಯ ದಿನಾಂಕದೊಳಗೆ ತಿದ್ದಿ ಮತ್ತೆ ಸಲ್ಲಿಸಬಹುದು. ಆ ಸಂದೇಶ ಅಕ್ಷಯ ಕೇಂದ್ರದ ಫೋನಿಗೆ ಹೋಗಿ ಬಿದ್ದರೆ ನಿಮಗೆ ತಿಳಿಯುವಾಗ ಪೋರ್ಟಲ್ ಮುಚ್ಚಿರುತ್ತದೆ.