ವೈನರಿ ನೋಡೋಕೆ ಹೋಗ್ತೀರಾ? ಆಟೋನ ವಾಪಸ್ ಕಳಿಸಬೇಡಿ

ನಂದಿ ಬೆಟ್ಟದ ಬುಡದಲ್ಲಿರುವ ಒಂದು ಹೊಸ ವೈನರಿಗೆ ಅಮ್ಮನ ಜೊತೆ ಹೋಗಿದ್ದೆ. ಕುಡಿಯೋಕಲ್ಲ, ಕಟ್ಟಡ ನೋಡೋಕೆ. ಭಾನುವಾರ ಹೋಗಿದ್ದೇ ತಪ್ಪು. ಒಳಗೆ ಜಾತ್ರೆ.

ಅಲ್ಲಿ ಕಟ್ಟಡಕ್ಕೆ ಅಂತ ಬೇರೆ ಟಿಕೆಟ್ ಇಲ್ಲ. ವೈನ್ ರುಚಿ ನೋಡುವ ಪ್ಯಾಕೇಜನ್ನೇ ತಗೋಬೇಕು, ತಲೆಗೆ 1,000 ರೂಪಾಯಿ. ಒಂದು ತೊಟ್ಟೂ ಮುಟ್ಟದ ಅಮ್ಮನಿಗೂ ಅಷ್ಟೇ. ಜಗಳ ಆಡಿದೆ, ಪ್ರಯೋಜನ ಆಗಲಿಲ್ಲ.

ಕಟ್ಟಡ ಮಾತ್ರ ಚೆನ್ನಾಗಿದೆ. ದಿಬ್ಬದ ಇಳಿಜಾರಿಗೆ ಒರಗಿಸಿ ಕಟ್ಟಿದ್ದಾರೆ. ದ್ರಾಕ್ಷಿ ಹಣ್ಣು ಮೇಲಿನ ಅಂತಸ್ತಿಗೆ ಬರುತ್ತೆ, ಅಲ್ಲಿಂದ ಕೆಳಗಿನ ಸ್ಟೀಲ್ ಟ್ಯಾಂಕಿಗೆ ತಾನೇ ಜಾರುತ್ತೆ. ಪಂಪಿನಲ್ಲಿ ಜೋರಾಗಿ ತಳ್ಳಿದರೆ ಬೀಜ ಒಡೆದು ಒಗರು ಬರುತ್ತೆ, ಅದಕ್ಕೇ ಈ ಏರ್ಪಾಡು. ಟ್ಯಾಂಕಿನ ಹಾಲಿನಲ್ಲಿ ಗೋಡೆಯ ಜಾಲರಿಗಳು ನೆಲಕ್ಕೆ ಒಂದು ಗೇಣು ಮೇಲಷ್ಟೇ ಇದ್ದವು. ಗಾಳಿಗೆ ಅಂದರೆ ಎತ್ತರದಲ್ಲಿ ಇರಬೇಕಲ್ವಾ? ಗೈಡ್ ಗ್ಲಾಸುಗಳ ಕಡೆಗೆ ಓಡುತ್ತಿದ್ದ. ಉತ್ತರ ಕೊಟ್ಟಿದ್ದು ಅಮ್ಮ. "ಅಜ್ಜಿ ಮನೇಲಿ ನೆಲದೊಳಗಿನ ರಾಗಿ ಹಗೇವಿಗೆ ಇಳಿಯೋ ಮುಂಚೆ ದೀಪ ಬಿಟ್ಟು ನೋಡ್ತಿದ್ರು. ದೀಪ ಆರಿದರೆ ಯಾರೂ ಇಳೀತಿರಲಿಲ್ಲ." ನೆಲ ತೊಳೆಯುತ್ತಿದ್ದ ಅಣ್ಣ ನಕ್ಕು, "ಅದೇ ಗ್ಯಾಸ್ ಅಮ್ಮ" ಅಂದರು. ರಸ ಹುಳಿಯುವಾಗ ಬರೋ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ಕೆಳಗೇ ಕೂರುತ್ತೆ.

ಪೀಪಾಯಿ ಕೋಣೆ ಅರ್ಧ ಮಣ್ಣೊಳಗಿದೆ. ದಪ್ಪ ಸೈಜುಗಲ್ಲಿನ ಗೋಡೆ, 225 ಲೀಟರಿನ ಓಕ್ ಪೀಪಾಯಿಗಳ ಸಾಲು. ಮಧ್ಯಾಹ್ನದ ಬಿಸಿಲಿಂದ ಒಳಗೆ ಕಾಲಿಟ್ಟರೆ ಮೈ ಜುಂ ಅನ್ನುತ್ತೆ. ಗೈಡ್ ಅಲ್ಲಿ ಎರಡೇ ನಿಮಿಷ ಬಿಡುತ್ತಾನೆ. ನೀವು ಹಿಂದೆ ಉಳಿದುಬಿಡಿ.

ಹೊರಗೆ ಬಂದರೆ ಆಟೋ ಇಲ್ಲ. ಬಂದವನು ಬರುವಾಗಿನ ಎರಡರಷ್ಟು ಕೇಳಿದ. ನಡೆದೆವು. ದಾರಿ ಪಕ್ಕ ಕಲ್ಲುಕಂಬದ ಚಪ್ಪರದಲ್ಲಿ ಬೆಂಗಳೂರು ಬ್ಲೂ ದ್ರಾಕ್ಷಿ ತೂಗುತ್ತಿತ್ತು. ವೈನಿನ ಹಣ್ಣನ್ನು ಹೀಗಲ್ಲ, ಬೇಲಿಯ ಹಾಗೆ ಸಾಲಿನಲ್ಲಿ ಬೆಳೆಸಿದ್ದರು.

ರಸ್ತೆಯ ಕೊನೆಗೆ ಒಂದು ತಗಡಿನ ಹೋಟೆಲ್. ಮುದ್ದೆ, ಹುರುಳಿಕಾಳಿನ ಬಸ್ಸಾರು, ಪಲ್ಯ, ಮಜ್ಜಿಗೆ, ಎಲ್ಲಾ ಸೇರಿ 60 ರೂಪಾಯಿ. ಬಸ್ಸಾರಿಗೆ ಬೆಳ್ಳುಳ್ಳಿ ಸುಟ್ಟು ಹಾಕಿದ್ದರು. ಅಕ್ಕ ಕೇಳದೆಯೇ ಎರಡನೇ ಸಲ ಬಡಿಸಿದರು. ಅಮ್ಮ ಮನೆಗೆ ಬಂದ ಮೇಲೂ ಹೇಳಿದ್ದು ಅದನ್ನೇ, ವೈನರಿಯನ್ನಲ್ಲ. ಮೂರು ಗಂಟೆಗೆ ಮುದ್ದೆ ಖಾಲಿ.

ಫೆಬ್ರವರಿ, ಮಾರ್ಚ್‌ನಲ್ಲಿ ವಾರದ ದಿನ ಹೋಗಿ. ಕೊಯ್ಲಿನ ಕಾಲ, ಕಟ್ಟಡ ಕೆಲಸ ಮಾಡೋದು ಕಾಣುತ್ತೆ. ಆಟೋದವರ ಜೊತೆ ಕಾಯೋದಕ್ಕೂ ಸೇರಿಸಿ ಮೊದಲೇ ಮಾತಾಡಿಕೊಳ್ಳಿ.