ರೀಡಿಂಗ್ ಅಳಿಸಬೇಡಿ

ನಮ್ಮ ಫಿಸಿಕ್ಸ್ ಲ್ಯಾಬಿಗೆ ರಬ್ಬರ್ ತರುವ ಹಾಗಿರಲಿಲ್ಲ. ಅವತ್ತು ಲೋಲಕದ ಪ್ರಯೋಗ. 20 ಆಂದೋಲನಕ್ಕೆ ಎಷ್ಟು ಸೆಕೆಂಡ್ ಹಿಡಿಯುತ್ತೆ ಅಂತ ಸ್ಟಾಪ್‌ವಾಚ್ ಹಿಡಿದು ನೋಡಬೇಕು. ನನಗೆ ಬಂದದ್ದು 40.2, 40.1, 40.3. ನಾಲ್ಕನೇ ಸಲ 38.2 ಬಂತು. ಪಕ್ಕದವನಿಂದ ರಬ್ಬರ್ ಇಸಿದುಕೊಂಡು ಅದನ್ನು ಅಳಿಸುವಷ್ಟರಲ್ಲಿ ಮೇಡಂ ಬಂದು ನಿಂತರು. ಬೈಯಲಿಲ್ಲ. "ಬಂದದ್ದನ್ನ ಬಂದ ಹಾಗೇ ಬರಿ. ತಪ್ಪು ಅನ್ನಿಸಿದ್ರೆ ಮೇಲೆ ಒಂದು ಗೆರೆ ಎಳೆದು, ಯಾಕೆ ಅಂತ ಪಕ್ಕದಲ್ಲಿ ಬರಿ. ಅಳಿಸಿಬಿಟ್ರೆ ಏನಾಯ್ತು ಅಂತ ಆಮೇಲೆ ನಿನಗೇ ಗೊತ್ತಾಗಲ್ಲ" ಅಂದರು.

ಕಾಲೇಜು ಬಿಟ್ಟು 22 ವರ್ಷ ಆಯಿತು. ಅಷ್ಟೂ ವರ್ಷ ಒಂದೇ ಕೆಲಸ ಮಾಡಿದ್ದೇನೆ. ಷೇರು ವಿನಿಮಯ ಕೇಂದ್ರಗಳಿಂದ ಬರುವ ಬೆಲೆಗಳನ್ನು ಓದಿ, ತಾವಾಗಿಯೇ ಷೇರು ಕೊಂಡು ಮಾರುವ ಟ್ರೇಡಿಂಗ್ ಪ್ರೋಗ್ರಾಂಗಳಿಗೆ ತಲುಪಿಸುವ ಸಾಫ್ಟ್‌ವೇರ್ ಬರೆಯುವುದು. ಈ ಕೆಲಸದ ಬಗ್ಗೆ ಮ್ಯಾಗಜೀನಿಗೆ ಬರೆದುಕೊಡಿ ಅಂತ ಕೇಳಿದಾಗ ನನಗೆ ಮೊದಲು ನೆನಪಾದದ್ದು ಆ ಗೆರೆ.

ಮಾರ್ಕೆಟ್ ಡೇಟಾ ಅಂದರೆ ಸ್ಕ್ರೀನಿನ ಮೇಲೆ ಓಡುವ ಬೆಲೆಗಳ ಪಟ್ಟಿ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಅದು ಕೊನೆಗೆ ಕಾಣುವುದು. ಒಳಗೆ ಇರುವುದು ಆರ್ಡರ್ ಬುಕ್. ಯಾರು ಯಾವ ಬೆಲೆಗೆ ಎಷ್ಟು ಕೊಳ್ಳಲು ತಯಾರಿದ್ದಾರೆ, ಎಷ್ಟಕ್ಕೆ ಮಾರಲು ತಯಾರಿದ್ದಾರೆ ಅನ್ನುವ ಸಾಲು. ಹೊಸ ಆರ್ಡರ್ ಬಂದರೆ ಒಂದು ಮೆಸೇಜ್, ಕ್ಯಾನ್ಸಲ್ ಆದರೆ ಒಂದು, ವ್ಯಾಪಾರ ಕುದುರಿದರೆ ಇನ್ನೊಂದು. ಒಂದೊಂದಕ್ಕೂ ಸೀಕ್ವೆನ್ಸ್ ನಂಬರ್ ಇರುತ್ತೆ. ಎಲ್ಲವನ್ನೂ ಕ್ರಮವಾಗಿ ಓದಿ ಆ ಬುಕ್ಕನ್ನು ನಮ್ಮ ಕಡೆ ಮತ್ತೆ ಕಟ್ಟಿಕೊಳ್ಳಬೇಕು.

ಇವು ಸಾಮಾನ್ಯವಾಗಿ ಒಂದೇ ಸಲಕ್ಕೆ ಹಲವರಿಗೆ ಕಳಿಸುವ ಯುಡಿಪಿ ಮಲ್ಟಿಕಾಸ್ಟ್‌ನಲ್ಲಿ ಬರುತ್ತವೆ. ಕಳಿಸುವವರು ನಿಮಗೆ ತಲುಪಿತಾ ಅಂತ ಕಾಯುವುದಿಲ್ಲ. ಹಾಗಾಗಿ ಅದೇ ಮೆಸೇಜನ್ನು ಎ ಮತ್ತು ಬಿ ಅನ್ನುವ ಎರಡು ಲೈನಿನಲ್ಲಿ ಕಳಿಸುತ್ತಾರೆ. 41, 42, 43 ಬಂದು ಆಮೇಲೆ 45 ಬಂದರೆ 44 ಎಲ್ಲೋ ಬಿದ್ದುಹೋಗಿದೆ ಅಂತ ಅರ್ಥ. ನಾವು ಇದಕ್ಕೆ ಗ್ಯಾಪ್ ಅನ್ನುತ್ತೇವೆ. ಇನ್ನೊಂದು ಲೈನಿನಲ್ಲಿ ಹುಡುಕಬೇಕು. ಅಲ್ಲೂ ಇಲ್ಲದಿದ್ದರೆ ಮತ್ತೆ ಕಳಿಸಿ ಅಂತ ಕೇಳಬೇಕು.

ಕೆಲಸಕ್ಕೆ ಸೇರಿದ ಎರಡನೇ ವರ್ಷ ನಾನು ಬರೆದ ಪ್ರೋಗ್ರಾಂ ಗ್ಯಾಪ್ ಕಂಡರೆ ಲಾಗ್ ಫೈಲಿನಲ್ಲಿ ಒಂದು ಸಾಲು ಬರೆದು ಸುಮ್ನೆ ಮುಂದೆ ಹೋಗುತ್ತಿತ್ತು. ಎರಡೂ ಲೈನಿನಲ್ಲಿ ಒಂದೇ ಪ್ಯಾಕೆಟ್ (ಮೆಸೇಜುಗಳ ಕಟ್ಟು) ಕಳೆದುಹೋಗುವುದು ಅಪರೂಪ ಅಲ್ವಾ, ಅಂದುಕೊಂಡಿದ್ದೆ. ಒಂದು ಬೆಳಗ್ಗೆ ಮಾರ್ಕೆಟ್ ತೆರೆದ ಕೂಡಲೇ ಮೆಸೇಜುಗಳು ಒಮ್ಮೆಲೇ ನುಗ್ಗಿ ಲೈನುಗಳನ್ನು ಜೋಡಿಸುವ ನಮ್ಮ ಸ್ವಿಚ್ಚಿನಲ್ಲಿ ಅವು ಕಾಯುವ ಜಾಗ, ಅಂದರೆ ಬಫರ್, ತುಂಬಿಹೋಯಿತು. ಎರಡು ಲೈನೂ ಅದೇ ಸ್ವಿಚ್ಚಿನ ಮೂಲಕ ಬರುತ್ತಿದ್ದವು. ಕಳೆದುಹೋದ ಪ್ಯಾಕೆಟ್‌ಗಳಲ್ಲಿ ಒಂದು ಕ್ಯಾನ್ಸಲ್ ಇತ್ತು. 101.30ಕ್ಕೆ ಕೊಳ್ಳುತ್ತೇನೆ ಅಂದಿದ್ದವರು ಯಾವಾಗಲೋ ಹೊರಟುಹೋಗಿದ್ದರು. ನಮ್ಮ ಬುಕ್ಕಿನಲ್ಲಿ ಮಾತ್ರ ಇನ್ನೂ ನಿಂತಿದ್ದರು. ಅಷ್ಟರಲ್ಲಿ ಮಾರುವವರ ಬೆಲೆ 101.20ಕ್ಕೆ ಇಳಿದಿತ್ತು. 20ಕ್ಕೆ ಕೊಂಡು 30ಕ್ಕೆ ಮಾರಬಹುದು ಅಂತ ಟ್ರೇಡಿಂಗ್ ಪ್ರೋಗ್ರಾಂ ಒಂದೇ ಸಮನೆ ಕೊಳ್ಳತೊಡಗಿತು. ಮಾರಲು ಹೋದರೆ ಅಲ್ಲಿ ಯಾರೂ ಇಲ್ಲ.

ಫೋನ್ ಬಂತು. ಟ್ರೇಡರ್ ಕಿರುಚಲಿಲ್ಲ. "ಈ ಬೆಲೆ ನಿಜಾನಾ?" ಅಂತ ಅಷ್ಟೇ ಕೇಳಿದರು. ನನ್ನ ಬಾಯಿಂದ ಉತ್ತರ ಬರಲಿಲ್ಲ. ನಷ್ಟ ಆಯಿತು. ಆ ರಾತ್ರಿ ನಿದ್ದೆ ಬರಲಿಲ್ಲ. ಕಳೆದುಹೋದ ಮೆಸೇಜನ್ನು ಕಳೆದಿಲ್ಲ ಅನ್ನುವ ಹಾಗೆ ತೋರಿಸಿದ್ದೆ. ರಬ್ಬರ್ ಹಿಡಿದು ಅಳಿಸಹೊರಟಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಆಮೇಲೆ ಪ್ರೋಗ್ರಾಂ ಬದಲಿಸಿದೆ. ಗ್ಯಾಪ್ ಬಂದ ಕ್ಷಣವೇ ಆ ಷೇರಿನ ಬೆಲೆ ಸ್ಕ್ರೀನಿನಿಂದ ಹೋಗುತ್ತದೆ. ಬುಕ್ ಸರಿಯಾಗುವವರೆಗೂ ಆ ಜಾಗ ಖಾಲಿ. ಖಾಲಿ ಜಾಗ ಕಂಡರೆ ಟ್ರೇಡರ್‌ಗಳಿಗೆ ಸಿಟ್ಟು ಬರುತ್ತೆ, ಹಳೆಯ ಬೆಲೆಯನ್ನಾದರೂ ತೋರಿಸಿ ಅನ್ನುತ್ತಾರೆ. ಈ ಒಂದು ವಿಷಯದಲ್ಲಿ ನಾನು ಯಾರಿಗೂ ಬಗ್ಗಿಲ್ಲ. ಹಳೆಯ ಬೆಲೆ ಎಂಥ ಅನಾಹುತ ಮಾಡುತ್ತೆ ಅನ್ನುವುದಕ್ಕೆ 1929ರ ಅಕ್ಟೋಬರ್ 24 ಸಾಕು. ಆಗ ನ್ಯೂಯಾರ್ಕ್‌ನ ಬೆಲೆಗಳು ಟಿಕರ್ ಅನ್ನುವ ಯಂತ್ರದಲ್ಲಿ ಕಾಗದದ ಪಟ್ಟಿಯ ಮೇಲೆ ಅಚ್ಚಾಗಿ ಬರುತ್ತಿದ್ದವು. ಎಡ್ವರ್ಡ್ ಕ್ಯಾಲಹನ್ 1867ರಲ್ಲಿ ಮಾಡಿದ ಯಂತ್ರ ಅದು. ಆ ದಿನ ಸುಮಾರು 1.29 ಕೋಟಿ ಷೇರು ಕೈ ಬದಲಾದವು. ಮಾರ್ಕೆಟ್ ಮುಚ್ಚಿ ನಾಲ್ಕು ಗಂಟೆ ಕಳೆದರೂ ಟಿಕರ್ ಇನ್ನೂ ಅಚ್ಚು ಮಾಡುತ್ತಲೇ ಇತ್ತು. ಕೈಯಲ್ಲಿರುವ ಬೆಲೆ ಈಗಿನದಲ್ಲ ಅಂತ ಗೊತ್ತು, ಈಗಿನದು ಎಷ್ಟು ಅಂತ ಗೊತ್ತಿಲ್ಲ. ಆ ಜನರ ಭಯ ನನಗೆ ಚೆನ್ನಾಗಿ ಅರ್ಥವಾಗುತ್ತೆ.

ಹೊಸಬರು ಟೀಮಿಗೆ ಬಂದಾಗ ನಾನು ತಪ್ಪದೆ ಹೇಳುವ ಇನ್ನೊಂದು ಕಥೆ ಕೆನಡಾದ ವ್ಯಾಂಕೂವರ್‌ನದು. ಅಲ್ಲಿನ ಷೇರು ಸೂಚ್ಯಂಕ 1982ರ ಜನವರಿಯಲ್ಲಿ 1000ದಿಂದ ಶುರುವಾಯಿತು. ಪ್ರತಿ ಸಲ ಲೆಕ್ಕ ಹಾಕಿದಾಗಲೂ ಮೂರು ದಶಮಾಂಶದ ಆಚೆ ಇದ್ದದ್ದನ್ನು ಕತ್ತರಿಸಿ ಬಿಸಾಕುತ್ತಿದ್ದರು. ಹತ್ತಿರದ ಅಂಕಿಗೆ ಸರಿಮಾಡುತ್ತಿರಲಿಲ್ಲ. ದಿನಕ್ಕೆ ಸಾವಿರಾರು ಸಲ ಹೀಗೆ ಚೂರು ಚೂರು ಉದುರಿ, 1983ರ ನವೆಂಬರ್ ಹೊತ್ತಿಗೆ ಸೂಚ್ಯಂಕ 524ಕ್ಕೆ ಬಂದಿತ್ತು. ಸರಿಯಾಗಿ ಲೆಕ್ಕ ಹಾಕಿದರೆ 1098! ನಾವು ಬೆಲೆಗಳನ್ನು ಪೂರ್ಣಾಂಕದಲ್ಲೇ ಇಡುವುದು ಇಂಥದ್ದಕ್ಕೇ. 0 ಮತ್ತು 1 ಮಾತ್ರ ಇರುವ ಕಂಪ್ಯೂಟರಿನ ದ್ವಿಮಾನ ಪದ್ಧತಿಯಲ್ಲಿ 0.1 ಅನ್ನುವ ಸಂಖ್ಯೆಯೂ ನಿಖರವಾಗಿ ಕೂರುವುದಿಲ್ಲ. 101.25 ಅನ್ನು 1012500 ಅಂತ ಬರೆದುಕೊಂಡು, ನಾಲ್ಕು ದಶಮಾಂಶ ಇದೆ ಅಂತ ನೆನಪಿಟ್ಟುಕೊಳ್ಳುತ್ತೇವೆ.

ವೇಗದ ಬಗ್ಗೆ ನೀವು ಕೇಳಿರುತ್ತೀರಿ. ಫೈಬರ್ ಕೇಬಲಿನಲ್ಲಿ ಬೆಳಕು ಒಂದು ಕಿಲೋಮೀಟರ್ ಹೋಗಲು ಸುಮಾರು 5 ಮೈಕ್ರೋಸೆಕೆಂಡ್ (ಸೆಕೆಂಡಿನ ಹತ್ತು ಲಕ್ಷದಲ್ಲಿ ಐದು ಪಾಲು) ಬೇಕು. ಆ 5ಕ್ಕೂ ಪೈಪೋಟಿ ಇದೆ. ಅದಕ್ಕಿಂತ ಜಾಸ್ತಿ ನನ್ನನ್ನು ಹಿಡಿದಿಟ್ಟದ್ದು ಅಳತೆ ಮಾಡುವ ಕೆಲಸ. ಒಂದು ಮೆಸೇಜ್ ಒಳಗೆ ಬಂದು ಹೊರಗೆ ಹೋಗಲು ಸರಾಸರಿ 8 ಮೈಕ್ರೋಸೆಕೆಂಡ್ ಅಂದರೆ ಎಲ್ಲರಿಗೂ ಖುಷಿ. ಆದರೆ ಸಾವಿರದಲ್ಲಿ ಒಂದು 900 ತೆಗೆದುಕೊಂಡಿರುತ್ತೆ. ಅದು ಏನೋ ಅಡ್ಡ ಬಂದಿರಬೇಕು, ಬಿಟ್ಟುಬಿಡೋಣ ಅಂತ ಹುಡುಗರು ಅನ್ನುತ್ತಾರೆ. ಬಿಡಬೇಡಿ, ಅದನ್ನೇ ನೋಡಿ ಅಂತ ನಾನು ಹೇಳುತ್ತೇನೆ. ಆ 900 ಹೆಚ್ಚಾಗಿ ಬರುವುದು ಮಾರ್ಕೆಟ್ ಬಿರುಸಾಗಿರುವಾಗಲೇ, ಬೆಲೆ ಎಲ್ಲಕ್ಕಿಂತ ಜಾಸ್ತಿ ಬೇಕಾದ ಹೊತ್ತಿನಲ್ಲೇ. ಗಡಿಯಾರ ಹಿಡಿದು ಅದರ ಬೆನ್ನು ಹತ್ತುವುದು ಈಗಲೂ ನನಗೆ ಬಲು ಇಷ್ಟದ ಕೆಲಸ.

ಹೋದ ವರ್ಷ ಹಳೆಯ ಪೆಟ್ಟಿಗೆಯಲ್ಲಿ ನನ್ನ ಲ್ಯಾಬ್ ರೆಕಾರ್ಡ್ ಸಿಕ್ಕಿತು. ಲೋಲಕದ ಪುಟ ತೆಗೆದೆ. 38.2ರ ಮೇಲೆ ಒಂದು ಗೆರೆ. ಕೆಳಗಿನ ಅಂಕಿ ಇನ್ನೂ ಓದಬಹುದು. ಅವತ್ತು ಮೇಡಂ, "ಎರಡು ಸೆಕೆಂಡ್ ಕಡಿಮೆ ಅಂದ್ರೆ ಎಷ್ಟು ಆಂದೋಲನ, ಲೆಕ್ಕ ಹಾಕು" ಅಂದಿದ್ದರು. ಪಕ್ಕದಲ್ಲಿ ನನ್ನ ಗುಂಡು ಅಕ್ಷರದಲ್ಲಿ ಹೀಗಿದೆ: 'ಒಂದು ಕಡಿಮೆ ಎಣಿಸಿದ್ದೇನೆ. 20 ಅಲ್ಲ, 19.' ಉಳಿದ ಮೂರು ರೀಡಿಂಗ್‌ಗಳ ಪಕ್ಕದಲ್ಲಿ ಏನೂ ಇಲ್ಲ. ಇದರ ಪಕ್ಕದಲ್ಲಿ ಮಾತ್ರ ಕೆಂಪು ಇಂಕಿನ ಒಂದು ರೈಟ್ ಮಾರ್ಕ್.