ಧನುರ್ಮಾಸದ ಚಳಿಗೆ ಸೈಕಲ್ ಫೋರ್ಕ್ ಯಾಕೆ ಕುಸಿಯುತ್ತದೆ?

ಡಿಸೆಂಬರ್–ಜನವರಿಯಲ್ಲಿ ನಂದಿ ಬೆಟ್ಟದ ತಪ್ಪಲಿನ ದ್ರಾಕ್ಷಿ ತೋಟಗಳ ನಡುವೆ ಮೌಂಟನ್ ಬೈಕ್ ಓಡಿಸುವವರ ಮಾಮೂಲಿ ದೂರು ಇದು: ನಿನ್ನೆ ಮಧ್ಯಾಹ್ನ ಸರಿಯಾಗಿದ್ದ ಫೋರ್ಕ್ (ಮುಂದಿನ ಚಕ್ರ ಹಿಡಿದು, ಏಟಿಗೆ ಕುಗ್ಗಿ ಏಳುವ ಎರಡು ಕಾಲಿನ ಕವಲು; ಬಹಳಷ್ಟರಲ್ಲಿ ಒಳಗಿನ ಗಾಳಿಯೇ ಸ್ಪ್ರಿಂಗ್) ಇವತ್ತು ಬೆಳಿಗ್ಗೆ ಆಳಕ್ಕೆ ಕೂರುತ್ತಿದೆ, ಮೇಲೇಳೋದಕ್ಕೆ ಸೋಮಾರಿತನ. ಸೀಲ್ (ಸೋರದಂತೆ ತಡೆಯುವ ರಬ್ಬರ್ ಉಂಗುರ) ಹೋಯ್ತು ಅಂತ ಅಂಗಡಿಗೆ ಒಯ್ಯುವ ಮೊದಲು ಶಾಕ್ ಪಂಪ್ (ಫೋರ್ಕಿಗೆ ಗಾಳಿ ತುಂಬುವ, ಗೇಜ್ ಇರುವ ಕೈಪಂಪ್) ಹಾಕಿ ನೋಡಿ. ಎಷ್ಟೋ ಸಲ ಏನೂ ಕೆಟ್ಟಿರುವುದಿಲ್ಲ. ಗಾಳಿ ಕುಗ್ಗಿರುತ್ತದೆ, ಎಣ್ಣೆ ಮಂದವಾಗಿರುತ್ತದೆ, ಅಷ್ಟೆ.

ಗಾಳಿಯ ಲೆಕ್ಕ ಸುಲಭ. ಮಧ್ಯಾಹ್ನ 28 ಡಿಗ್ರಿಯಲ್ಲಿ 80 ಪಿಎಸ್‌ಐ (ಒತ್ತಡದ ಅಳತೆ) ತುಂಬಿದಿರಿ ಅಂದುಕೊಳ್ಳಿ. ಚಿಕ್ಕಬಳ್ಳಾಪುರದ ಎತ್ತರದಲ್ಲಿ ಹೊರಗಿನ ವಾತಾವರಣದ ಒತ್ತಡವೇ ಸುಮಾರು 13 ಪಿಎಸ್‌ಐ, ಅದನ್ನೂ ಸೇರಿಸಿದರೆ 93. ಬೆಳಗಿನ ಜಾವ 12 ಡಿಗ್ರಿ ಇದ್ದರೆ ಇದು 285/301ರ ಪ್ರಮಾಣದಲ್ಲಿ (ಎರಡೂ ಡಿಗ್ರಿಗೆ 273 ಸೇರಿಸಿದ ಕೆಲ್ವಿನ್ ಲೆಕ್ಕ) ಇಳಿದು 88 ಆಗುತ್ತದೆ. ಗೇಜ್ ತೋರಿಸುವುದು 75. ಒಂದು ಹನಿ ಗಾಳಿಯೂ ಸೋರದೆ 5 ಪಿಎಸ್‌ಐ ಮಾಯ! ಬೆಟ್ಟದ ತುದಿ 1,478 ಮೀಟರ್ ಎತ್ತರದಲ್ಲಿದ್ದರೂ ಅದರಿಂದಾಗುವ ವ್ಯತ್ಯಾಸ 1 ಪಿಎಸ್‌ಐಗೂ ಕಡಿಮೆ, ತಲೆ ಕೆಡಿಸಿಕೊಳ್ಳಬೇಡಿ.

ಇದರ ಜೊತೆಗೆ ಡ್ಯಾಂಪರ್ (ಫೋರ್ಕಿನ ವೇಗ ಹಿಡಿತದಲ್ಲಿಡುವ ಭಾಗ) ಎಣ್ಣೆ ಚಳಿಗೆ ಗಟ್ಟಿಯಾಗಿ ರಿಬೌಂಡ್, ಅಂದರೆ ಕುಗ್ಗಿದ ಫೋರ್ಕ್ ಮತ್ತೆ ಮೇಲೇಳುವುದು, ನಿಧಾನವಾಗುತ್ತದೆ. ಸಾಲಾಗಿ ಕಲ್ಲು ಸಿಕ್ಕಾಗ ಫೋರ್ಕ್ ಒಂದು ಏಟಿನಿಂದ ಪೂರ್ತಿ ಏಳುವಷ್ಟರಲ್ಲಿ ಇನ್ನೊಂದು ಏಟು ಬೀಳುತ್ತದೆ. ಹೀಗೆ ಕೆಳಗೇ ಉಳಿದುಬಿಡುವುದರಿಂದ ನಾಲ್ಕನೇ, ಐದನೇ ಕಲ್ಲಿಗೆ ಕೈಗೆ ಬಡಿತ ಜೋರು. ಜನ ಇದನ್ನು ಫೋರ್ಕ್ ಗಟ್ಟಿಯಾಯ್ತು ಅಂತ ತಿಳಿದು ಇನ್ನಷ್ಟು ಗಾಳಿ ಹೊರಬಿಡುತ್ತಾರೆ. ಮಾಡಬೇಕಾದ್ದು ಇದರ ಉಲ್ಟಾ.

ಸೈಕಲ್ಲನ್ನು ಅರ್ಧ ಗಂಟೆ ಹೊರಗಿಟ್ಟು, ಫೋರ್ಕ್ ಹೊರಗಿನ ಚಳಿಗೆ ಬಂದ ಮೇಲೆ ಅಳೆಯಿರಿ. ಕಾರಿನಲ್ಲಿ ತಂದು ಇಳಿಸಿದ ತಕ್ಷಣ ಅಳೆದರೆ ಆ ಅಂಕಿ ಸುಳ್ಳು. ಮೊದಲು ಹ್ಯಾಂಡಲ್ ಒತ್ತಿ ಇಪ್ಪತ್ತು ಸಲ ಕುಪ್ಪಳಿಸಿ. ಪಂಪ್ ಜೋಡಿಸಿದಾಗ ಫೋರ್ಕಿನ ಗಾಳಿ ಸ್ವಲ್ಪ ಹೋಸ್‌ಗೆ ಹೋಗಿ ಒತ್ತಡ ತಗ್ಗುತ್ತದೆ, ಗಾಬರಿ ಬೇಡ. ಬಿಚ್ಚುವಾಗ ಬರುವ ‘ಪುಸ್’ ಸದ್ದು ಹೋಸ್‌ನದ್ದು, ಫೋರ್ಕಿನದ್ದಲ್ಲ. 5 ಪಿಎಸ್‌ಐ ಸೇರಿಸಿ, ನಿಧಾನವಾಗಿ ಹತ್ತು ಸಲ ಒತ್ತಿ. ಮೇಲಿನ ಮತ್ತು ಕೆಳಗಿನ ಗಾಳಿಕೋಣೆಗಳು ಸಮವಾಗಲಿ. ಆಮೇಲೆ ಬೆನ್ನಿನ ಚೀಲ, ನೀರು ಎಲ್ಲ ಹೊತ್ತು ಪೆಡಲ್ ಮೇಲೆ ನಿಂತು ಸ್ಯಾಗ್ (ನಿಮ್ಮ ಭಾರಕ್ಕೆ ಫೋರ್ಕ್ ಕೂರುವಷ್ಟು) ನೋಡಿ: 100 ಮಿ.ಮೀ. ಫೋರ್ಕಿಗೆ 20 ಮಿ.ಮೀ. ಆಸುಪಾಸು ಇದ್ದರೆ ಸಾಕು. ಎಷ್ಟು ಕೂತಿತು ಅಂತ ತೋರಿಸುವ ಓ-ರಿಂಗ್ (ರಬ್ಬರ್ ಉಂಗುರ) ಇಲ್ಲದಿದ್ದರೆ ಫೋರ್ಕಿನ ಮೇಲಿನ ಕೊಳವೆಗೆ ಒಂದು ಝಿಪ್ ಟೈ ಸಡಿಲವಾಗಿ ಕಟ್ಟಿ, ನೋಡಿದ ಮೇಲೆ ಕತ್ತರಿಸಿ ತೆಗೆಯಿರಿ.

ರಿಬೌಂಡ್ ನಾಬ್ ಸಾಮಾನ್ಯವಾಗಿ ಫೋರ್ಕಿನ ಬಲಗಾಲಿನ ಕೆಳತುದಿಯಲ್ಲಿರುತ್ತದೆ. ಪೂರ್ತಿ ಮುಚ್ಚಿದ ಕಡೆಯಿಂದ ಕ್ಲಿಕ್ ಎಣಿಸಿ ಬರೆದಿಟ್ಟುಕೊಂಡು, ಮೊಲದ ಚಿತ್ರದ (ಅಂದರೆ ವೇಗದ) ಕಡೆಗೆ ಒಂದೋ ಎರಡೋ ಕ್ಲಿಕ್ ತಿರುಗಿಸಿದರೆ ನಮ್ಮ ಚಳಿಗೆ ಧಾರಾಳ. ಸೊನ್ನೆಗಿಂತ ಕೆಳಗಿಳಿಯುವ ಊರಿನವರು ತೆಳು ಎಣ್ಣೆಗೆ ಬದಲಾಯಿಸುತ್ತಾರೆ ಅಂತ ನಾವೂ ಮಾಡಿದರೆ ಮಾರ್ಚ್ ಬಿಸಿಲಲ್ಲಿ ಫೋರ್ಕ್ ಪುಟಿಯುವ ಚೆಂಡಿನ ಥರ ಎಗರುತ್ತದೆ.

ನಿಜ ಹೇಳಬೇಕೆಂದರೆ ಇಲ್ಲಿ ಚಳಿಗಿಂತ ಕೇಡು ಮಾಡುವುದು ಇಬ್ಬನಿ ಮತ್ತು ಕೆಮ್ಮಣ್ಣು. ಎರಡೂ ಕಲೆತು ಸೀಲ್ ಸುತ್ತ ಉಜ್ಜುವ ಕೆಸರಾಗುತ್ತದೆ. ಕೊಳವೆಯ ಮೇಲೆ ಒಮ್ಮೆ ಗೀರು ಬಿದ್ದರೆ ಎಣ್ಣೆ ಸೋರಲು ಶುರು. ಓಡಿಸಿದ ಮೇಲೆ ಒದ್ದೆ ಬಟ್ಟೆಯಲ್ಲಿ, ಆಮೇಲೆ ಒಣ ಬಟ್ಟೆಯಲ್ಲಿ ಒರೆಸಿ. ಡಬ್ಲ್ಯೂಡಿ-40 ಸ್ಪ್ರೇ ಹೊಡೆಯಬೇಡಿ, ಸೀಲಿನ ಗ್ರೀಸ್ ತೊಳೆದುಹೋಗುತ್ತದೆ. ಸೀಲಿನ ಕೆಳಗಿನ ಸ್ಪಂಜಿನ ಉಂಗುರ ಒಣಗಿದ್ದರೆ ಮೊದಲ ಒತ್ತಿಗೆ ಫೋರ್ಕ್ ಅಂಟಿದ ಹಾಗಿರುತ್ತದೆ. ಸೈಕಲ್ಲನ್ನು ಹತ್ತು ನಿಮಿಷ ತಲೆಕೆಳಗೆ ನಿಲ್ಲಿಸಿದರೆ ಕಾಲುಗಳಲ್ಲಿನ ಎಣ್ಣೆ ಅದಕ್ಕೆ ತಾಗುತ್ತದೆ. ಹೈಡ್ರಾಲಿಕ್ ಬ್ರೇಕ್ ಇದ್ದರೆ ನೇರ ಮಾಡಿದ ಮೇಲೆ ಲಿವರ್ ನಾಲ್ಕೈದು ಸಲ ಹಿಡಿದು ನೋಡಿಯೇ ಹೊರಡಿ. ಆದರೂ ಅಂಟುತ್ತಿದ್ದರೆ ಕೆಳಗಾಲು ಬಿಚ್ಚಿ ಎಣ್ಣೆ ಬದಲಿಸುವ ಕಾಲ ಬಂದಿದೆ: ಬಹಳಷ್ಟು ಫೋರ್ಕಿಗೆ ಇದು 50 ಗಂಟೆ ಓಡಿಸಿದ ಮೇಲಿನ ಕೆಲಸ. ಕಾಲಿಗೆ ಸ್ವಲ್ಪವೇ ಎಣ್ಣೆ, ನಿಮ್ಮ ಮಾದರಿಯ ಕೈಪಿಡಿ ಹೇಳಿದಷ್ಟೇ.

ಕಾಯಿಲ್ ಸ್ಪ್ರಿಂಗ್ (ಸುರುಳಿ ಸ್ಪ್ರಿಂಗ್) ಫೋರ್ಕಿಗೆ ಗಾಳಿಯ ರಗಳೆ ಇಲ್ಲ. ಅದರಲ್ಲಿ ಹಳೇ ಗ್ರೀಸ್ ಗಟ್ಟಿಯಾಗಿ ಬಿಗಿಯುತ್ತದೆ, ಒಳಗೆ ರಬ್ಬರಿನಂಥ ತುಂಡಿದ್ದರೆ ಅದೂ ಬಿರುಸಾಗುತ್ತದೆ. ಐದು ನಿಮಿಷ ಒತ್ತಿ ಒತ್ತಿ ಸಡಿಲ ಮಾಡಿಕೊಂಡು ಹೊರಡುವುದೇ ದಾರಿ.

ಬೆಳಿಗ್ಗೆ ಸೇರಿಸಿದ ಗಾಳಿ ಹತ್ತೂವರೆ ಬಿಸಿಲಿಗೆ ಹೆಚ್ಚೆನಿಸುತ್ತದೆ. ಬೇಗ ಮುಗಿಸುವವರು ಬಿಡಿ, ಮಧ್ಯಾಹ್ನದವರೆಗೆ ಓಡಿಸುವವರು ಐದರ ಬದಲು ಎರಡು–ಮೂರು ಪಿಎಸ್‌ಐ ಮಾತ್ರ ಸೇರಿಸಿ.